ಮಗಳ ಸರದಿಯ ಜಪ

ಫ್ಲಾವಿಯಾ,

ನೀನು ಹೋಗಿ ತಿಂಗಳಾಯಿತೆಂದು ಇವತ್ತು ಬೈಂದೂರಿನ ನಿನ್ನ ತವರಿನಲ್ಲಿ ಜಪಮಾಲೆ ಇತ್ತು. ಒಬ್ಬರು ಅರ್ಧ ಪ್ರಾರ್ಥನೆ ಹೇಳಬೇಕು, ಉಳಿದರ್ಧ ಎಲ್ಲರೂ ಸೇರಿ. ಸರದಿ ನಮ್ಮ ತನ್ವಿಗೆ ಬಂತು.

"ಹೇಳ್ ಹೆಣ್ಣೆ," ಎಂದಳು ನಿನ್ನ ತಂಗಿ. ಪ್ರಾರ್ಥನೆ ಬಾರದ ತನ್ವಿ ನನ್ನ ಮುಖ ನೋಡಿದಳು.

"ಭಾನುವಾರ ಚರ್ಚಿಗೆ ಧರ್ಮಪಾಠಕ್ಕೆ ಕಳ್ಸಿದ್ರೆ ನಿಮ್ ಸರ್ಕಾರಿ ಶಾಲೆ ಓಡಿ ಹೋತಿತ್ತಾ, ಭಾವ?"

ಕಳಿಸೋಣವೆಂದು ನೀನೂ ಕೇಳಿದ್ದೆ. ಶಾಲೆಯಲ್ಲಿ ಕಲಿತದ್ದೇ ಎಲ್ಲದಕ್ಕೂ ಆಗುತ್ತದೆ ಎಂದಿದ್ದೆ ನಾನು.

ತನ್ವಿ ಎದ್ದು ಕೈಕಟ್ಟಿ ನಿಂತಳು. ಶಾಲೆಯಲ್ಲಿ ದಿನಾ ಬೆಳಿಗ್ಗೆ ಹೇಳಿಸುವ ಸಂವಿಧಾನದ ಪೀಠಿಕೆಯನ್ನು ತಪ್ಪಿಲ್ಲದೆ ಹೇಳಿ ಮುಗಿಸಿದಳು. ಯಾರೂ ನಗಲಿಲ್ಲ. ಉಳಿದರ್ಧ ಹೇಳಲು ಕಾದಿದ್ದವರು ಮುಂದಿನ ಮಣಿಗೆ ಬೆರಳು ಸರಿಸಿದರು.

ಬರುವಾಗ ಬಸ್ಸಿನಲ್ಲಿ ಕೇಳಿದಳು: "ಅಪ್ಪಯ್ಯ, ಅದ್ ಅಮ್ಮಂಗ್ ಮುಟ್ತಾ?"