ಜಗಲಿಯ ಮೇಲಿನ ಪೀಸು

ಸೆಪ್ಟೆಂಬರ್ 17, ಬುಧವಾರ

ಇವತ್ತೂ ಮೂಡಲಗಿ ಬಸ್ಸಿನಲ್ಲಿ ಸೀಟಿಲ್ಲ. ಗೋಕಾಕದಿಂದ ಕಾಲೇಜಿನ ತನಕ ನಿಂತೇ ಹೋದದ್ದು. ಕಂಬಿ ಹಿಡಿದುಕೊಂಡೇ ಮೊಬೈಲಿನಲ್ಲಿ ಪೇಪರ್ ಓದಿದೆ. ಗಾಜಾದಲ್ಲಿ ನಡೆದಿರುವುದು ಜನಾಂಗ ಹತ್ಯೆ ಎಂದು ವಿಶ್ವಸಂಸ್ಥೆಯ ತನಿಖಾ ಆಯೋಗ ಹೇಳಿದೆ. ಇಸ್ರೇಲ್ ಮಾತ್ರ, ಅಲ್ಲವೇ ಅಲ್ಲ ಎಂದಿದೆ. ಬಿಎ ಕೊನೆಯ ವರ್ಷದವರ ಚರ್ಚೆಗೆ ಇದೇ ವಿಷಯ ಕೊಟ್ಟೆ. ಪ್ರಿನ್ಸಿಪಾಲರು ಮುಖ ಹುಳ್ಳಗೆ ಮಾಡಿ, ದೇಶದ ಹೆಸರು ಎತ್ತಬೇಡಿ ಅಂದರು. ನಮ್ಮ ಅತ್ತೆ ಗಂಡನ ಹೆಸರು ಎತ್ತದೆ ನಲವತ್ತು ವರ್ಷ ಸಂಸಾರ ಮಾಡಲಿಲ್ಲವೇ, ಹಾಗೇ ಮಾಡೋಣ ಎಂದೆ — ಮನಸ್ಸಿನಲ್ಲಿ.

ಮನೆಗೆ ಬಂದರೆ ಯಜಮಾನರು ಖುಷಿಯಲ್ಲಿದ್ದರು. ಹುಕ್ಕೇರಿ ರಸ್ತೆಯ ವರ್ಕ್‌ಶಾಪಿನಲ್ಲಿ ಇವರದು ಉಕ್ಕು ಕಡೆಯುವ ಲೇಥ್ ಕೆಲಸ. ಮದುವೆಯಾದಾಗಿನಿಂದ ಸಕ್ಕರೆ ಕಾರ್ಖಾನೆಯ ಬಿಡಿಭಾಗ ಬಿಟ್ಟು ಬೇರೆ ಮಾತು ಕೇಳಿದ್ದಿಲ್ಲ. ಈಗ ಹೊಸ ಆರ್ಡರ್, ಪಗಾರವೂ ಏರುತ್ತದಂತೆ. ಯಾತರ ಆರ್ಡರ್ ಎಂದು ಕೇಳಲಿಲ್ಲ. ಹಸಿವಾಗಿತ್ತು.

ಸೆಪ್ಟೆಂಬರ್ 23, ಮಂಗಳವಾರ

ಚರ್ಚೆ ಜೋರಾಯಿತು. ದೇಶದ ಹೆಸರು ಎರಡನೆಯ ವಾಕ್ಯಕ್ಕೇ ಹೊರಬಿತ್ತು. ಪ್ರಿನ್ಸಿಪಾಲರು ಕೆಮ್ಮಿದರು.

ಅಭಿಷೇಕ ವಿರೋಧದ ಕಡೆ. ಯುದ್ಧ ಅಂದಮೇಲೆ ಜನ ಸಾಯುತ್ತಾರೆ, ಸತ್ತವರ ಲೆಕ್ಕದಿಂದ ಇದು ತೀರ್ಮಾನವಾಗುವುದಿಲ್ಲ, ಒಂದು ಜನವನ್ನೇ ಇಲ್ಲದಂತೆ ಮಾಡುವ ಉದ್ದೇಶ ಇತ್ತೆಂದು ತೋರಿಸಬೇಕು. ಮೊದಲು ಬಂದು ಕೊಂದವರು, ಒತ್ತೆಯಾಳು ಹಿಡಿದವರು ಎದುರಿಗಿಲ್ಲವೇ... ಪಾಯಿಂಟ್ ಮೇಲೆ ಪಾಯಿಂಟ್. ಕಾಜಲ್ ಪರ. ಮನಸ್ಸನ್ನು ಯಾರು ಸೀಳಿ ನೋಡುತ್ತಾರೆ, ಮಾಡಿದ ಕೆಲಸದಿಂದಲೇ ಉದ್ದೇಶ ತಿಳಿಯಬೇಕು. ಹಿಟ್ಟು, ನೀರು, ಔಷಧ ತಡೆದು ನಿಂತವನ ಉದ್ದೇಶ ಏನಿರುತ್ತದೆ ಎಂದಳು. ಇಬ್ಬರಿಗೂ ಚಪ್ಪಾಳೆ. ನನಗೆ ಕೋಡು ಮೂಡುವುದೊಂದು ಬಾಕಿ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು.

“ಮೇಡಂ, ಬಾಂಬ್ ಹಾಕಾವ್ರದು ಇರಲಿರಿ. ಅದನ್ನ ಮಾಡಿಕೊಟ್ಟಾವ್ರು ಇದರಾಗ ಬರ್ತಾರೋ ಇಲ್ಲೋ?”

ಸಹಭಾಗಿಯಾಗುವುದೂ ಅಪರಾಧ ಎಂದು ಜನಾಂಗ ಹತ್ಯೆಯ ವಿರುದ್ಧದ 1948ರ ಒಪ್ಪಂದದಲ್ಲೇ ಇದೆ. ಯಾರು, ಎಲ್ಲಿಯ ತನಕ ಸಹಭಾಗಿ ಅನ್ನುವುದೇ ಜಗಳ. ಗೊತ್ತಿದ್ದು ಕೊಟ್ಟನೋ, ಗೊತ್ತಿಲ್ಲದೆ ಕೊಟ್ಟನೋ... ಬೆಲ್ ಆಯಿತು. ದಸರೆ ಮುಗಿಸಿ ಬಂದು ಹೇಳುತ್ತೇನೆ ಎಂದೆ.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಎಲ್ಲ ವಿವರಿಸಿದೆ. ಕೇಳುತ್ತ ಎರಡು ರೊಟ್ಟಿಗೇ ಎದ್ದರು. ಬಿಸಿಲಿಗೆ ಪಿತ್ತ ಆಗಿರಬೇಕು.

ಅಕ್ಟೋಬರ್ 1, ಬುಧವಾರ. ಖಂಡೆಪೂಜೆ

ಪ್ರತಿ ವರ್ಷ ಆಯುಧಪೂಜೆಗೆ ಇವರು ತಮ್ಮ ಅಳತೆಯ ಸಾಮಾನು ತಂದು ದೇವರ ಜಗಲಿಯ ಮೇಲಿಡುತ್ತಾರೆ. ಅತ್ತೆಯದು ಕುಡಗೋಲು, ನನ್ನದು ಪೆನ್ನು. ಈ ಸಲ ಜೊತೆಗೆ ಒಂದು ಪೀಸು. ಹೊಸ ಆರ್ಡರಿನದು, ರಿಜೆಕ್ಟ್ ಆದದ್ದಂತೆ. ಅಂಗೈಯಗಲದ ಉಕ್ಕು, ಮೇಲಕ್ಕೆ ಹೋಗುತ್ತ ಚೂಪು, ಮುಖ ಕಾಣುವಷ್ಟು ನುಣುಪು. ನಮ್ಮ ಅತ್ತೆ ಕೆಂಚವ್ವನಿಗೆ ಸಂಭ್ರಮವೋ ಸಂಭ್ರಮ.

“ಗುಡಿ ಕಳಸ ಇದ್ದಂಗ ಐತಿ ನೋಡವಾ. ನನ್ನ ಮಗನ ಕೈಯಾಗ ದೇವರ ಅದಾನ.”

ಪಂಪ್‌ಸೆಟ್ಟಿನ ಭಾಗ ಅಂದುಕೊಂಡಿದ್ದಾರೆ. ಮೂರು ಬೆರಳಲ್ಲಿ ವಿಭೂತಿ ಎಳೆದರು, ಚೆಂಡು ಹೂ ಏರಿಸಿದರು. ಏನ್ರಿ ಇದು ಎಂದು ಇವರನ್ನು ಮೆಲ್ಲಗೆ ಕೇಳಿದೆ. ಶೆಲ್ಲಿನ ಮೂತಿ ಎಂದರು. ತೋಪಿನಿಂದ ಹಾರಿಸುವ ಶೆಲ್ಲು. ಕರ್ಪೂರ ಹಚ್ಚಿಯಾಗಿತ್ತು, ತಟ್ಟೆ ನನ್ನ ಕೈಯಲ್ಲೇ ಇತ್ತು. ಬೆಳಗಿದೆ.

ಸಂಜೆ ಅತ್ತೆ ಮಠಕ್ಕೆ ಹೋದ ಮೇಲೆ ಜಗಳ. ಯಾವ ದೇಶಕ್ಕೆ ಹೋಗುತ್ತದೆ? ಗೊತ್ತಿಲ್ಲ. ಕೇಳಲಿಲ್ಲವೇ? ಕೇಳಿಲ್ಲ. ನಮ್ಮ ಸೈನ್ಯಕ್ಕೇ ಹೋಗುತ್ತಿರಬಹುದು, ಮೇಲವಂಕಿಯ ನಿನ್ನ ತಮ್ಮ ಗಡಿಯಲ್ಲಿ ನಿಂತಿಲ್ಲವೇ, ಅವನ ತೋಪಿಗೆ ಏನು ಚುರುಮುರಿ ತುಂಬುತ್ತಾರೆಯೇ ಎಂದರು. ನನಗೆ ಸಿಟ್ಟು ಇನ್ನೂ ಏರಿತು.

“ನಾ ಉಕ್ಕು ತಿರುವಾಂವ. ನನ್ನ ಮನಸಿನ್ಯಾಗ ಯಾರನ್ನೂ ಕೊಲ್ಲೂ ವಿಚಾರ ಇಲ್ಲ. ಉದ್ದೇಶ ಇರಬೇಕಂತ ನೀನ ಹೇಳಿದೆಲ್ಲ?”

ನನ್ನ ಪಾಠ ನನಗೇ ತಿರುಗಿ ಬಂತು.

ಅಕ್ಟೋಬರ್ 2, ಗುರುವಾರ

ವಿಜಯದಶಮಿ, ಬನ್ನಿ ಹಬ್ಬ. ಮುನಿಸಿಕೊಂಡವರೂ ಇವತ್ತು ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ಕೈ ಮುಗಿಯಬೇಕು. ಇವರೇ ಮೊದಲು ಬಂದರು. ಬಂಗಾರ ತಗೊಂಡು ಬಂಗಾರದಂಗ ಇರೂಣು ಎಂದರು. ತಗೊಂಡೆ. ನನ್ನ ಕೈಯ ಎಲೆ ಕೊಡುವಾಗ ಮಾತು ತಡೆಯಲಾಗಲಿಲ್ಲ.

“ಬಂಗಾರದಂಗ ಇರಬೇಕಂದ್ರ, ಆ ಶೆಲ್ಲು ಎಲ್ಲಿಗಿ ಹೊಕ್ಕೈತಿ ಕೇಳಿಕೊಂಡ ಬರ್ರಿ.”

ಎಲೆ ಜೇಬಿಗಿಟ್ಟುಕೊಂಡು ಓಣಿಗೆ ಹೋದರು. ಊಟಕ್ಕೆ ಹೋಳಿಗೆ ಇತ್ತು. ಯಾರಿಗೂ ರುಚಿಸಲಿಲ್ಲ.

ಅಕ್ಟೋಬರ್ 6, ಸೋಮವಾರ

ಕಾಜಲ್ ಮರೆಯುವ ಹುಡುಗಿಯಲ್ಲ. ಮತ್ತೆ ಎದ್ದು ಅದೇ ಪ್ರಶ್ನೆ ಕೇಳಿದಳು. ಗೊತ್ತಿದ್ದೂ ಮಾಡಿಕೊಟ್ಟವನ ಮೇಲೆ ಪ್ರಶ್ನೆ ಏಳುತ್ತದೆ. ಗೊತ್ತೇ ಇಲ್ಲದವನನ್ನು ಹಿಡಿಯುವುದು ಕಷ್ಟ ಎಂದೆ. ಅಭಿಷೇಕ ಕೂತಲ್ಲಿಂದಲೇ—

“ಹಂಗಾದ್ರ ಗೊತ್ತ ಮಾಡಿಕೊಳ್ಳದ ಇರೂದ ಚಲೋ ಅಲ್ರಿ ಮೇಡಂ?”

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಥೂ ನನ್ನ.

ಅಕ್ಟೋಬರ್ 10, ಶುಕ್ರವಾರ. ಸಂಜೆ

ಇವರು ಈಗಷ್ಟೇ ಬಂದರು. ಕೈಕಾಲು ತೊಳೆದಿಲ್ಲ, ಚಹಾ ಬೇಡವಂತೆ. ಸೂಪರ್‌ವೈಸರ್ ರಾವಸಾಹೇಬರನ್ನು ಕೇಳಿಯೇ ಬಿಟ್ಟರಂತೆ. ಅವರು ಮೊದಲು ನಕ್ಕು, ಆಮೇಲೆ ಆಫೀಸಿನ ಬಾಗಿಲು ಮುಚ್ಚಿ ದೇಶದ ಹೆಸರು ಹೇಳಿದರಂತೆ.

“ನಾ ಹೇಳಿದ್ರ ಇಬ್ಬರಿಗೂ ಗೊತ್ತಾದಂಗ, ಸುಜಾತಾ. ಆಮ್ಯಾಲ ಗೊತ್ತಿಲ್ಲ ಅನ್ನಾಕ ಬರೂದಿಲ್ಲ. ನಾಳಿಂದ ಕೆಲಸಕ್ಕ ಹೋಗಲೋ ಬ್ಯಾಡೋ ನೀನೂ ಹೇಳಬೇಕಾಕ್ಕೈತಿ. ಹೇಳಲೇನು?”

ಮುಖ ಬಿಳಚಿಕೊಂಡಿದೆ, ಪಾಪ. ಸಾರು ಇಳಿಸಿ ಬರುತ್ತೇನೆಂದು ಒಳಗೆ ಬಂದೆ. ಒಲೆಯ ಮೇಲೆ ಏನೂ ಇಲ್ಲ. ಇಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಎಂಥ ಹೇಡಿ ನಾನು... ಕೇಳಿಕೊಂಡು ಬನ್ನಿ ಎಂದವಳು ನಾನೇ. ಆ ಪೀಸು ಇನ್ನೂ ಜಗಲಿಯ ಮೇಲೇ ಇದೆ. ಅತ್ತೆ ಬೆಳಿಗ್ಗೆ ಹೊಸದಾಗಿ ವಿಭೂತಿ ಹಚ್ಚಿದ್ದಾರೆ.

ಪಡಸಾಲೆಯಲ್ಲಿ ಕೆಮ್ಮಿದರು. ಕಾಯುತ್ತಿದ್ದಾರೆ. ಹೋಗಬೇಕು. ಹೇಳ್ರಿ ಎನ್ನಬೇಕು. ಅಷ್ಟೇ. ಒಂದೇ ಮಾತು, ಹೋಗಿ ಎದುರಿಗೆ ಕೂತು—