ನನ್ನ ಅಮ್ಮನ ಹೆಸರನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ

ಮಾನ್ಯ ಕೌಂಟಿ ಚುನಾವಣಾ ಅಧಿಕಾರಿಗಳೇ,

ನಿಮ್ಮ ಮತದಾರರ ಪಟ್ಟಿಯಲ್ಲಿ ನನ್ನ ಅಮ್ಮ ಕೆಂಪಮ್ಮನ ಹೆಸರಿದೆ. ಇರಬಾರದು. ಆಕೆ ಈ ದೇಶದ ಪ್ರಜೆಯಲ್ಲ, ಗ್ರೀನ್ ಕಾರ್ಡಿನ ಮೇಲೆ ಇರುವವಳು. ಇದನ್ನು ಇಂಗ್ಲಿಷಿನಲ್ಲಿ ಎರಡು ಸಲ ಬರೆದು ಕಳಿಸಿದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ, ಪ್ರಜಾಪ್ರಭುತ್ವದಲ್ಲಿ ಆಸಕ್ತಿ ತೋರಿಸಿದ್ದಕ್ಕೆ ಧನ್ಯವಾದ ಎಂಬ ಅಚ್ಚಾದ ಕಾಗದ ಬಂತು. ಜೊತೆಗೆ ಮುಂದಿನ ಚುನಾವಣೆಯ ಕೈಪಿಡಿ, ಅಮ್ಮನ ಹೆಸರಿಗೇ. ಹಾಗಾಗಿ ಮೂರನೆಯ ಸಲ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿ ನಿಮಗೆ ಅಂಚೆಯಲ್ಲಿ ಬರುತ್ತದೆ. ಕನ್ನಡದಲ್ಲಿ ಯಾಕೆಂದರೆ, ಇಂಥದೇ ಮತದಾರರ ಕಾರ್ಡು ನಮ್ಮವರ ಇನ್ನೆಷ್ಟು ಮನೆಗಳ ಡ್ರಾಯರಿನಲ್ಲಿದೆಯೋ ನನಗೆ ಗೊತ್ತಿಲ್ಲ.

ತಪ್ಪು ನನ್ನದು. ಕಳೆದ ಅಕ್ಟೋಬರಿನಲ್ಲಿ, ಪ್ಲೆಸೆಂಟನ್ ಹತ್ತಿರದ ನಮ್ಮೂರಿನ ಗ್ರೋಸರಿ ಅಂಗಡಿಯ ಬಾಗಿಲಲ್ಲಿ ಒಬ್ಬ ಹೆಂಗಸು ಮೇಜು ಹಾಕಿಕೊಂಡು ಕೂತಿದ್ದರು. "ಬರೀ ಒಂದು ನಿಮಿಷ" ಎಂದು ಅಮ್ಮನ ಕೈಗೆ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕಾರ್ಡು ಕೊಟ್ಟರು. ಅಮ್ಮನಿಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲ, ನಾನು ತುಂಬಿದೆ. 'ನೀವು ಈ ದೇಶದ ಪ್ರಜೆಯೇ?' ಎಂಬ ಪ್ರಶ್ನೆಯ ಪಕ್ಕದ ಚೌಕದಲ್ಲಿ ಗುರುತು ಹಾಕಿದವನು ನಾನು. ಓದಲಿಲ್ಲ. ಪೂರ್ತಿ ಓದುವ ತಾಳ್ಮೆ ಇದ್ದಿದ್ದರೆ ಹೈಸ್ಕೂಲನ್ನು ಅರ್ಧಕ್ಕೆ ಬಿಡುತ್ತಿರಲಿಲ್ಲ, ಈಗ ಮೆನ್ಲೋ ಪಾರ್ಕಿನಲ್ಲಿ ಮುಚ್ಚಿಹೋದ ಡಾಟ್‌ಕಾಮ್‌ಗಳ ಕುರ್ಚಿಗಳನ್ನು ಲಾರಿಗೆ ಹೇರುತ್ತಲೂ ಇರುತ್ತಿರಲಿಲ್ಲ. ನನಗೂ ಒಂದು ಕಾರ್ಡು ಕೊಟ್ಟರು. ಬೇಡ ಅಂದೆ. ನನ್ನ ಸೋಮಾರಿತನ ನನ್ನನ್ನು ಉಳಿಸಿತು, ಅಮ್ಮನ ಶ್ರದ್ಧೆ ಆಕೆಯನ್ನು ಸಿಕ್ಕಿಸಿತು.

ಅಮ್ಮ ಯಾಕೆ ಸಹಿ ಹಾಕಿದಳು ಎಂದು ನೀವು ಕೇಳಬಹುದು. ನಮ್ಮ ಮಂಡ್ಯದ ಕಡೆ ಮತದಾರರ ಪಟ್ಟಿಯನ್ನು ಸರ್ಕಾರವೇ ಬರೆಯುತ್ತದೆ. ಶಾಲೆಯ ಮೇಷ್ಟ್ರು ರಿಜಿಸ್ಟರು ಹಿಡಿದು ಮನೆಮನೆಗೆ ಬರುತ್ತಾರೆ, ಯಾರಿದ್ದಾರೆ, ಯಾರು ಸತ್ತರು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಹೆಸರು ಪಟ್ಟಿಯಲ್ಲಿ ಬಂತೆಂದರೆ ವಿಚಾರಿಸಿಯೇ ಬಂತು ಎಂದು ಅರ್ಥ. ಇಲ್ಲಿ ಹಾಗಲ್ಲ ಎಂದು ಆಕೆಗೆ ಯಾರು ಹೇಳಬೇಕಿತ್ತು? ಮತದಾರರ ಕಾರ್ಡು ಅಂಚೆಯಲ್ಲಿ ಬಂದಾಗ ನನಗೇ ಅನುಮಾನ ಬಂದು ಕೇಳಿದ್ದೆ, "ಅಮ್ಮ, ನಾವು ಓಟು ಹಾಕಬೋದಾ?" ಆಕೆ ನಕ್ಕಳು. "ಎಸ್ರು ಐತಲ್ಲ ಕಣೋ ಪಟ್ಟೀಲಿ. ಸರ್ಕಾರದೋರು ಸುಮ್ಕೆ ಬರ್ದ್ಬುಡ್ತಾರಾ?"

ಹೌದು ಸ್ವಾಮಿ, ಬರೆದುಬಿಟ್ಟಿರಿ. ಗ್ರಂಥಾಲಯದಿಂದ ಒಂದು ಪುಸ್ತಕ ತರಲು ಈ ಊರಿನಲ್ಲಿ ವಿಳಾಸದ ಪುರಾವೆ ಕೇಳುತ್ತಾರೆ. ನೀವು ಒಂದು ಗುರುತನ್ನು ನಂಬಿದಿರಿ. ನಿಮ್ಮ ನಂಬಿಕೆಗೆ ನಾವು ಕೃತಜ್ಞರಾಗಿರಬೇಕೇ?

ಇನ್ನೊಂದು ವಿಷಯವನ್ನೂ ಹೇಳಬೇಕು. ತೊಂಬತ್ತಾರರಲ್ಲಿ ಇಲ್ಲಿಗೆ ಬರುವ ಮೊದಲು ಅಮ್ಮ ನಮ್ಮೂರಿನ ಗ್ರಾಮ ಪಂಚಾಯ್ತಿಯ ಮೆಂಬರು. ಬೇರೆ ಹೆಂಗಸರ ಬದಲು ಗಂಡಂದಿರು ಸಭೆಗೆ ಬಂದು ಕೂರುತ್ತಿದ್ದಾಗ, ಈಕೆ ನಮ್ಮಪ್ಪನನ್ನು ಹೊರಗೆ ನಿಲ್ಲಿಸಿ ತಾನೇ ಕೂತವಳು. ಈಗ ಒಂದು ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಡೇಕೇರಿಗೂ ಪಾರ್ಕಿಗೂ ನಡುವೆ ಆಫೀಸಿನ ಕಾರುಗಳು ನುಗ್ಗುವ ರಸ್ತೆಯಿದೆ, ಸಿಗ್ನಲ್ಲಿಲ್ಲ. ಸಿಟಿ ಕೌನ್ಸಿಲ್ಲಿಗೆ ನಿಂತವರೊಬ್ಬರು ಓಟು ಕೇಳಲು ಮನೆಗೆ ಬಂದಾಗ, ಅವರನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ನನ್ನ ಬಾಯಲ್ಲಿ ಕೇಳಿಸಿದಳು: ಸಿಗ್ನಲ್ಲು ಯಾವಾಗ? ಗೆದ್ದ ಕೂಡಲೇ ಎಂದರು. ನವೆಂಬರಿನಲ್ಲಿ ಅಮ್ಮ ಓಟು ಹಾಕಿ ಬಂದಳು. ಬೆರಳಿಗೆ ಮಸಿ ಹಾಕಲಿಲ್ಲವೆಂದು ಬೇಜಾರು ಬೇರೆ.

ಅವರು ಗೆದ್ದರು. ಸಿಗ್ನಲ್ಲು ಬರಲಿಲ್ಲ. ಫೆಬ್ರವರಿಯಲ್ಲಿ ಅಮ್ಮ ಕೌನ್ಸಿಲ್ ಸಭೆಗೆ ಹೋಗಿ, ಸಾರ್ವಜನಿಕರಿಗೆ ಕೊಡುವ ಎರಡು ನಿಮಿಷದಲ್ಲಿ ಮೈಕಿನ ಮುಂದೆ ನಿಂತು, ತನ್ನ ಇಂಗ್ಲಿಷಿನಲ್ಲಿ, "ಸರ್, ಐ ವೋಟೆಡ್ ಫಾರ್ ಯೂ. ವೇರ್ ಈಸ್ ಸಿಗ್ನಲ್?" ಎಂದಳು. ಸಭೆ ಚಪ್ಪಾಳೆ ತಟ್ಟಿತು. ಊರಿನ ಕೇಬಲ್ ಚಾನೆಲ್ಲು ಅದನ್ನು ವಾರವಿಡೀ ತೋರಿಸಿತು. ನಾವೆಲ್ಲ ಟೀವಿ ಮುಂದೆ ಕೂತು ನಕ್ಕೆವು.

ಆಮೇಲೆ ನಗಲಿಲ್ಲ. ಏಪ್ರಿಲ್‌ನಲ್ಲಿ ಅಮ್ಮನಿಗೆ ಪೌರತ್ವಕ್ಕೆ ಅರ್ಜಿ ಹಾಕುವ ಕಾಲ ಬಂತು. ಫಾರ್ಮನ್ನು ನಾನು ಈ ಸಲ ಪೂರ್ತಿ ಓದಿದೆ. ಪ್ರಜೆಯೆಂದು ಎಂದಾದರೂ ಹೇಳಿಕೊಂಡಿದ್ದೀರಾ? ಓಟು ಹಾಕಿದ್ದೀರಾ? ಫಾರ್ಮು ಹಿಡಿದುಕೊಂಡು ವಕೀಲರ ಬಳಿಗೆ ಹೋದೆ. ಪರಿಚಯದ ವಕೀಲ ತಿರುಮಲೇಶರು ಬಾಗಿಲು ಹಾಕಿಕೊಂಡು ಹೇಳಿದರು, "ಇದಕ್ಕೆ ಡಿಪೋರ್ಟ್ ಮಾಡ್ಬೋದು, ದೇಶದಿಂದ್ಲೇ ಆಚೆ ಹಾಕ್ಬೋದು. ಸುಮ್ನಿರಿ. 'ಇಲ್ಲ' ಅಂತ ಬರೀರಿ, ಯಾರೂ ನೋಡಲ್ಲ." ಅಪ್ಪನೂ ಅದನ್ನೇ ಅಂದರು. ಹಾಗಾದರೆ ಒಂದು ಸುಳ್ಳನ್ನು ತಿಳಿಯದೆ ಬರೆದ ಕೈಯಿಂದ ಇನ್ನೊಂದನ್ನು ತಿಳಿದೇ ಬರೆಯಲೇ?

ನಿಮ್ಮ ಕೌಂಟರಿಗೂ ಬಂದಿದ್ದೆ. ಹೆಸರು ತೆಗೆಯಬೇಕು ಅಂದಾಗ ನಿಮ್ಮ ಗುಮಾಸ್ತರು ಮರುಕದಿಂದ, "ಸೋ ಸಾರಿ, ತೀರಿಕೊಂಡರಾ?" ಎಂದರು. ಬದುಕಿದ್ದಾರೆ ಅಂದೆ. ಬದುಕಿರುವವರನ್ನು ತೆಗೆಯಲು ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಕಳೆದ ವರ್ಷ ಅಧ್ಯಕ್ಷರಾಗಿ ಗೆದ್ದವರು ಯಾರೆಂದು ತಿಳಿಯಲು ಈ ದೇಶ ಒಂದು ರಾಜ್ಯದ ಓಟುಚೀಟಿಗಳ ತೂತುಗಳನ್ನು ದೀಪಕ್ಕೆ ಹಿಡಿದು ವಾರಗಟ್ಟಲೆ ನೋಡಿತಲ್ಲ. ಒಂದು ಹೆಸರನ್ನು ನೋಡಲು ನಿಮಗೆ ಎಷ್ಟು ವಾರ ಬೇಕು?

ನನಗೆ ಭಯವಾಗಿದೆ. ಅಂಚೆಯವನ ಗಾಡಿ ನಿಂತರೆ ಅಮ್ಮನಿಗಿಂತ ಮೊದಲೇ ಕೆಳಗೆ ಓಡುತ್ತೇನೆ. ಅಪಾರ್ಟ್‌ಮೆಂಟಿನ ಮುಂದೆ ಬಿಳಿ ಕಾರು ನಿಂತರೆ, ಅದು ಪಕ್ಕದ ಮನೆಯವರದೆಂದು ಗೊತ್ತಿದ್ದರೂ, ಅಮ್ಮನನ್ನು ಕರೆದೊಯ್ಯಲು ಬಂದವರೇನೋ ಎಂದು ಪರದೆ ಸರಿಸಿ ನೋಡುತ್ತೇನೆ. ಪತ್ರಿಕೆಗೆ ಕೊಡುವ ಈ ಪತ್ರವನ್ನು ಮೊದಲು ಹೆಸರುಗಳಿಲ್ಲದೆ ಬರೆದಿದ್ದೆ. ಅಮ್ಮನಿಗೆ ಓದಿ ಹೇಳಿದೆ. ಮಾರನೆಯ ದಿನದ ಸಾರಿಗೆ ಬೇಳೆ ಆರಿಸುತ್ತಾ ಕೇಳಿಸಿಕೊಂಡು, "ಯಾರ್ದು ಅರ್ಜಿ ಅಂತ ಬರ್ದಿಲ್ವಲ್ಲೋ" ಅಂದಳು. "ನಾನು ಮೆಂಬರಾಗಿದ್ದಾಗ ಎಸ್ರಿಲ್ದಿರೋ ಅರ್ಜಿ ಒಂದೂ ತಗಂಡೋಳಲ್ಲ. ನಂದೂ ಬರಿ, ನಿಂದೂ ಬರಿ." ಆಮೇಲೆ ತಟ್ಟೆ ಪಕ್ಕಕ್ಕಿಟ್ಟು ಪೆನ್ನು ನನ್ನ ಕೈಗೆ ಕೊಟ್ಟಳು. ಬರೆದಿದ್ದೇನೆ.

ನನ್ನ ಬೇಡಿಕೆ ಇಷ್ಟು. ಅಮ್ಮನ ಹೆಸರನ್ನು ಪಟ್ಟಿಯಿಂದ ತೆಗೆಯಿರಿ. ಆ ಕಾರ್ಡನ್ನು ಹೊರಗೆ ತೆಗೆದು, ಅದರ ಮೇಲಿನ ಕೈಬರಹ ನಿಮಗೆ ಅಂಚೆಯಲ್ಲಿ ಬರುವ ಪ್ರತಿಯ ಕೈಬರಹವೇ ಎಂದು ನೋಡಿ, ಗುರುತು ಹಾಕಿದ್ದು ಅಮ್ಮನಲ್ಲ, ಮಗ ಎಂದು ಬರೆದು ಕೊಡಿ. ಅದು ಕೈಗೆ ಬಂದ ಮೇಲೆ ಅಮ್ಮ ಪೌರತ್ವದ ಫಾರ್ಮಿನಲ್ಲಿ 'ಹೌದು' ಎಂದೇ ಬರೆಸುತ್ತಾಳಂತೆ. ಶಿಕ್ಷೆಯಿದ್ದರೆ ನನ್ನನ್ನು ಕರೆಯಿರಿ. ವಿಳಾಸ ಇಂಗ್ಲಿಷ್ ಪ್ರತಿಯಲ್ಲಿದೆ, ಓಡಿಹೋಗುವುದಿಲ್ಲ. ಅವಳ ಓಟನ್ನು ಬೇಕಾದರೆ ಎಣಿಕೆಯಿಂದ ಕಳೆಯಿರಿ. ಆದರೆ ಆ ಮೈಕಿನ ಮುಂದೆ ಅವಳು ಕೇಳಿದ ಪ್ರಶ್ನೆಯನ್ನು ಕಳೆಯಬೇಡಿ. ಅದನ್ನು ಕೇಳಲು ಪ್ರಜೆಯಾಗಿರಬೇಕೆಂದು ಯಾವ ಚೌಕದಲ್ಲೂ ಬರೆದಿಲ್ಲ, ನಾನು ಹುಡುಕಿ ನೋಡಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಅವಳು ಎಂಟು ಮಕ್ಕಳಿಗೆ ಒಂದೇ ಹಗ್ಗ ಹಿಡಿಸಿ ಆ ರಸ್ತೆ ದಾಟಿಸುತ್ತಾಳೆ.

ಇಂತಿ,
ಆ ಚೌಕದಲ್ಲಿ ಓದದೆ ಗುರುತು ಹಾಕಿದ,
ಕೆಂಪಮ್ಮನ ಮಗ ಜಗನ್
ಜೂನ್ ೨೦೦೧