ಎಲ್ಲರಿಗೂ ‘ರಿ’

ಬೆಟಗೇರಿ
೧೪ ಸೆಪ್ಟೆಂಬರ್ ೨೦೨೫, ರವಿವಾರ

ಪ್ರೀತಿಯ ಜಾಸ್ಮಿನ,

ಈ ಕಾಗದ ಲಕ್ಷ್ಮೇಶ್ವರಕ್ಕೆ ಮುಟ್ಟುವ ಹೊತ್ತಿಗೆ ನೀನು ರಾಜೀನಾಮೆ ಕೊಟ್ಟು ವಾರವಾಗಿರುತ್ತದೆ. ಮೊಬೈಲಿನಲ್ಲಿ ಬರೆದರೆ ‘ಆತ್ರಿ’ ಎಂದು ಕಳಿಸಿ ಮುಗಿಸುತ್ತೀ. ಅದನ್ನು ಇನ್ನೊಮ್ಮೆ ಓದುವ ಶಕ್ತಿ ನನಗಿಲ್ಲ. ಅದಕ್ಕೇ ಪೋಸ್ಟಿಗೆ ಹಾಕುತ್ತಿದ್ದೇನೆ.

ನಾನು ಟೀಮ್ ಲೀಡ್ ಆಗಿ ನಾಲ್ಕು ತಿಂಗಳು. ಸುಸ್ತಾಗಿದೆ. ಮೂವತ್ತು ವರ್ಷ ಮಗ್ಗದ ಮುಂದೆ ಕುಳಿತ ಅವ್ವ ಕೇಳುತ್ತಾಳೆ: ‘ನಾನೂ ಕುಂತ ದುಡದಾಕಿ, ನೀನೂ ಕುಂತ ದುಡ್ಯಾಕಿ. ನೀ ಯಾಕ ಇಷ್ಟ ದಣೀತಿ?’

ಲೀಡ್ ಆದ ಮೊದಲ ದಿನ ನೆನಪಿದೆಯಾ? ಮಹಿಳಾ ಸಂಘದ ಸಭೆಗಳಲ್ಲಿ ಕೊಂಡ ಸಮಾನತೆಯ ಕಿರುಪುಸ್ತಕಗಳನ್ನು ಬ್ಯಾಗಿನಲ್ಲಿ ತುಂಬಿಕೊಂಡೇ ಬಂದಿದ್ದೆ. ನಮ್ಮ ಆಫೀಸಿನಲ್ಲಿ ಗಂಡಸರಿಗೆ ‘ರಿ’, ಹುಡುಗಿಯರಿಗೂ ಕಸ ಹೊಡೆಯುವ ದೇವವ್ವನಿಗೂ ‘ಏ’. ಅದನ್ನು ಮುರಿಯಬೇಕೆಂದು ಗೋಡೆಗೆ ಚೀಟಿ ಅಂಟಿಸಿದೆ: ಇನ್ನು ಮುಂದೆ ಇಲ್ಲಿ ಎಲ್ಲರಿಗೂ ‘ರಿ’. ‘ಬರ್ರಿ, ಕುಂಡ್ರಿ’ ಅಂದಾಗ ದೇವವ್ವ, ಬೇರೆ ಯಾರೋ ಬಂದರೆಂದು ಹಿಂದೆ ತಿರುಗಿ ನೋಡಿದಳು. ಆ ಚೀಟಿ ತಪ್ಪೆಂದು ಇಂದಿಗೂ ಹೇಳಲಾರೆ.

ನೀನೊಬ್ಬಳೇ ನಕ್ಕೆ. ‘ಅಲ್ಲಲೇ ಕಾಂಚಿ, ಒಂದ ಡಬ್ಬ್ಯಾಗ ಉಣ್ಣಾಕಿಗೂ ರಿ ಅನಬೇಕೇನ?’ ಎಂದೆ. ನಿಯಮ ಎಂದರೆ ನಿಯಮ ಎಂದು ನಾನು ನಿನ್ನ ಮುಖ ನೋಡದೆ ಹೇಳಿದೆ. ‘ಆತ್ರಿ ಮೇಡಂ’ ಎಂದು ನೀನು ಕುರ್ಚಿ ತಿರುಗಿಸಿಕೊಂಡೆ.

ಅದಕ್ಕೂ ಮೊದಲು ನನ್ನ ಕೋಡಿನಲ್ಲಿ ತಪ್ಪು ಕಂಡರೆ, ‘ಲೇ, ಕಣ್ಣ ಮುಚ್ಚಿಕೊಂಡ ಬರದೀಯೇನ?’ ಎಂದು ನೀನು ಇಡೀ ಆಫೀಸಿಗೆ ಕೇಳುವಂತೆ ಬೈಯುತ್ತಿದ್ದೆ. ನಾನು ಕೆಲಸ ಕಲಿತದ್ದು ಆ ಬೈಗುಳದಿಂದ. ‘ರಿ’ ಬಂತು, ಬೈಗುಳ ನಿಂತಿತು. ಆಸ್ಪತ್ರೆಯ ಟೋಕನ್ ಆ್ಯಪಿನಲ್ಲಿ ಒಬ್ಬೊಬ್ಬ ಡಾಕ್ಟರಿಗೂ ನಂಬರು ಒಂದರಿಂದ ಶುರುವಾಗುವಂತೆ ನಾನು ಬದಲಿಸಿದಾಗ, ಹೊರಗೆ ನಂಬರು ತೋರಿಸುವ ಬೋರ್ಡು ಒಂದೇ ಇದೆ ಎಂಬುದನ್ನು ಮರೆತೆ. ಪರಿಶೀಲನೆಗೆ ನಿನಗೆ ಕಳಿಸಿದೆ. ‘ನೀವು ಮಾಡೀರಿ ಅಂದಮ್ಯಾಲ ಸರಿನ ಇರ್ತೈತ್ರಿ’ ಎಂದು ಬರೆದು ನೀನು ಒಪ್ಪಿಬಿಟ್ಟೆ. ನಿನಗೆ ತಪ್ಪು ಕಂಡಿತ್ತು, ಜಾಸ್ಮಿನ. ನನಗೆ ಗೊತ್ತು.

ಮುಂಡರಗಿಯ ಆ ಆಸ್ಪತ್ರೆಯಲ್ಲಿ ಅವತ್ತು ಹದಿನೇಳನೇ ನಂಬರಿನವರು ಇಬ್ಬರು. ಡಂಬಳದ ಕಳಕವ್ವ ಎಂಬ ಮುದುಕಿ, ತನ್ನ ಸರದಿಯಲ್ಲಿ ಬೇರೆಯವರು ಒಳಗೆ ಹೋದದ್ದನ್ನು ನೋಡಿ, ಮಧ್ಯಾಹ್ನದವರೆಗೆ ಸುಮ್ಮನೆ ಕೂತು, ಎದೆನೋವು ತೋರಿಸದೆಯೇ ಬಸ್ ಹತ್ತಿದಳು. ಆಸ್ಪತ್ರೆಯಿಂದ ದೂರು ಬಂದ ಮೇಲೆ, ಮರುದಿನ ನಾನೇ ಅವಳ ಊರಿಗೆ ಹೋಗಿ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಈಗ ಹುಷಾರಾಗಿದ್ದಾಳೆ. ದಾರಿಯಲ್ಲಿ ಕೇಳಿದಳು: ‘ನಂಬರ ತಪ್ಪಿಸಿದವ್ರು ಯಾರಬೇ?’ ನಮ್ಮ ಟೀಮಿನವರು ಎಂದೆ.

ಆ ತಪ್ಪಿನ ಬಗ್ಗೆ ಆಫೀಸಿಗೆ ಕೊಟ್ಟ ವರದಿಯಲ್ಲಿ ‘ಪರಿಶೀಲನೆಯ ಲೋಪ’ ಎಂದು ನಿನ್ನ ಹೆಸರು ಬಂತು. ಹೇಗೆ ಬಂತೆಂದು ನೀನು ಕೇಳಲಿಲ್ಲ. ನಮ್ಮ ಮ್ಯಾನೇಜರ್ ನಂದೀಶ ಸರ್ ನನ್ನನ್ನು ಲೀಡ್ ಸ್ಥಾನದಲ್ಲಿ ಖಾಯಂ ಮಾಡಿದ ದಿನವೇ ನೀನು ರಾಜೀನಾಮೆ ಬರೆದೆ. ಅದು ನನ್ನ ಸಹಿಗಾಗಿ ಮೇಜಿನ ಮೇಲಿದೆ. ನಾನು ಹಾಕಿಲ್ಲ. ಶನಿವಾರದವರೆಗೆ ಕಾಯಬಹುದಂತೆ.

ವಾಪಸ್ ಬಾ. ನನ್ನ ತಪ್ಪು ಹಿಡಿಯುವವರು ಅಲ್ಲಿ ಈಗ ಯಾರೂ ಇಲ್ಲ.

ನಿನ್ನ,
ಕಾಂಚನಾ

ತಾ.ಕ.: ವರದಿಯಲ್ಲಿ ನಿನ್ನ ಹೆಸರು ಹಾಕಿದ್ದು ನಂದೀಶ ಸರ್ ಅಲ್ಲ, ನಾನು. ಮೇಲೆ ಎರಡು ಸಲ ಬರೆಯಹೋದೆ, ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಅದನ್ನು ತಿದ್ದಿ, ನನ್ನ ಹೆಸರು ಹಾಕಿ ಎಲ್ಲರಿಗೂ ಕಳಿಸಿದ್ದೇನೆ. ನಾಳೆಯಿಂದ ಆ ಸಹಿಯ ಅಧಿಕಾರ ನನಗಿರುತ್ತದೋ ಇಲ್ಲವೋ. ನೀನು ಬರದಿದ್ದರೂ ಒಂದು ಸಾಲು ಬೈದು ಬರೆ. ‘ರಿ’ ಹಚ್ಚಬೇಡ.